ನಮ್ಮ ಬೀದಿಯಲ್ಲಿ ಯಾರ ಮನೆ ದೊಡ್ಡದು

ಬೆಂಗಳೂರಿಗೆ ಚಿತ್ರಕಲೆ ತಂದವನೇ ನಾನು, ಬೇಕಾದರೆ ಯಾರನ್ನಾದರೂ ಕೇಳಿ. ಇವತ್ತು ಮಗಳು ಪೆನ್ಸಿಲ್ ಕೆತ್ತಿದ ವಾಸನೆಗೆ ಎಲ್ಲ ನೆನಪಾಯಿತು.

ಹಳ್ಳಿ ಶಾಲೆಯಿಂದ ಬಂದ ನನಗೆ ರಾಜಾಜಿನಗರದ ಡ್ರಾಯಿಂಗ್ ಮೇಷ್ಟ್ರು, ಹತ್ತಿರದ್ದನ್ನು ದೊಡ್ಡದಾಗಿ, ದೂರದ್ದನ್ನು ಚಿಕ್ಕದಾಗಿ ಬರೆಯಲು ಕಲಿಸಿದರು. ನಮ್ಮ ಬೀದಿಯ ಆ ತುದಿಯಲ್ಲಿ ಕೂತು, ಸ್ಕೇಲಿಟ್ಟು ಗೆರೆ ಎಳೆದೆ. ಅಲ್ಲಿದ್ದ ರಂಗಣ್ಣನವರ ಮನೆ ಅರಮನೆಯಾಯಿತು, ಈ ತುದಿಯ ನಮ್ಮದು ಬೆಂಕಿಪೊಟ್ಟಣ.

ಅಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ರಂಗಣ್ಣ ಏನು ಕೊಡಿಸ್ದ ನಿಂಗೆ?"

"ಏನೂ ಇಲ್ಲಪ್ಪ, ದೂರ ಇರೋದು ಚಿಕ್ಕದಾಗೇ ಕಾಣತ್ತೆ."

"ನಾನು ಕಟ್ಸಿದ ಮನೆ ಕಣೋ ಅದು! ಸರಿಯಾಗಿ ಬರಿ, ಇಲ್ದಿದ್ರೆ ಡ್ರಾಯಿಂಗ್ ಕ್ಲಾಸ್ ಬಂದ್."

ಮರುದಿನ ನಮ್ಮ ಮನೆಯೆದುರು ಕೂತು ಅದೇ ಬೀದಿ ಬರೆದೆ. ಅಪ್ಪ ಅದನ್ನು ಬಾಗಿಲಿಗೇ ಅಂಟಿಸಿದರು. ಸಂಜೆ ರಂಗಣ್ಣನವರು ಅದನ್ನು ದಿಟ್ಟಿಸಿ ನೋಡಿ, ನನ್ನನ್ನು ಮೂಲೆಗೆ ಕರೆದರು.

"ನಿಜ ಹೇಳು ಮರಿ, ನಿಮ್ಮಪ್ಪ ಏನು ಕೊಡ್ಸಿದ್ರು?"

ಇವತ್ತಿಗೂ ಹೇಳುತ್ತೇನೆ, ಇಬ್ಬರೂ ಒಂದು ಪೆಪ್ಪರ್‌ಮೆಂಟನ್ನೂ ಕೊಡಿಸಲಿಲ್ಲ.