ಶೇಷಣ್ಣನ ಸ್ಪೀಡಿನಲ್ಲೇ ಹಾಕುತ್ತೇವೆ

ಇಲ್ಲ... ನಾನು ನಂಬುವುದಿಲ್ಲ.
ಸೋಮವಾರ ಫೋನಿನಲ್ಲಿ ನನಗೆ ಬೈದ ಮನುಷ್ಯ ಇವತ್ತು ಇಲ್ಲ ಅಂದರೆ ಹೇಗೆ ನಂಬಲಿ?

ಕೋಣಂದೂರಿನ ಮೈಕ್ ಸೆಟ್ ಶೇಷಣ್ಣ ಹೋಗಿಬಿಟ್ಟ...
ಬೆಳಿಗ್ಗೆ ಎದೆನೋವು ಅಂದನಂತೆ. ತೀರ್ಥಹಳ್ಳಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತಂತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ನಾನು ಮೇಳಿಗೆಯವಳು, ಸಭೆ ಸಮಾರಂಭಗಳಲ್ಲಿ ನಿರೂಪಣೆ ಮಾಡುವವಳು. ಹದಿನೆಂಟು ವರ್ಷ ಶೇಷಣ್ಣನ ಮೈಕಿನ ಮುಂದೆ ನಿಂತಿದ್ದೇನೆ.

ಬೇರೆ ಮೈಕ್ ಸೆಟ್ಟಿನವರು "ಹಲೋ... ಮೈಕ್ ಟೆಸ್ಟಿಂಗ್..." ಅನ್ನುತ್ತಾರೆ.
ಶೇಷಣ್ಣ ಒಂದು ದಿನವೂ ಅನ್ನಲಿಲ್ಲ.
ಪೋಲೆಂಡ್ ದೇಶದ ಒಂದು ರಾಕ್ ಬ್ಯಾಂಡಿನ ಕ್ಯಾಸೆಟ್ ಹಾಕುತ್ತಿದ್ದ!
ಮದುವೆ ಇರಲಿ, ಸೊಸೈಟಿ ಮೀಟಿಂಗ್ ಇರಲಿ, ಕಬಡ್ಡಿ ಇರಲಿ... ಮೊದಲು ಆ ಗಿಟಾರ್. ದೇವರ ಹಾಡು ಆಮೇಲೆ.
ಆ ಗಿಟಾರ್ ಕೇಳಿ "ಓ, ಶೇಷಣ್ಣ ಬಂದ, ಕಾಫಿಗೆ ಇಡಿ" ಎಂದ ಅಡುಗೆಯವರನ್ನು ಸಾಗರದಲ್ಲೂ ಕಂಡಿದ್ದೇನೆ, ಹೊಸನಗರದಲ್ಲೂ ಕಂಡಿದ್ದೇನೆ.

ಹೊಸನಗರದ ಹತ್ತಿರ ನಗರ ಎಂಬ ಊರಿನ ಕೋಟೆ ನೋಡಲು ಬಂದಿದ್ದ ಪೋಲೆಂಡಿನವನೊಬ್ಬನ ಟೇಪ್‌ರೆಕಾರ್ಡರ್ ಕೆಟ್ಟಿತ್ತು. ಶೇಷಣ್ಣ ರಿಪೇರಿ ಮಾಡಿಕೊಟ್ಟ. ಅವನು ಖುಷಿಯಿಂದ ಕೊಟ್ಟು ಹೋದ ಕ್ಯಾಸೆಟ್ ಅದು.
ಮೇಲಿದ್ದ ಅಕ್ಷರಗಳೆಲ್ಲ ಇಂಗ್ಲಿಷಿನ ಹಾಗೇ... ಓದಲು ಮಾತ್ರ ಊರಿನಲ್ಲಿ ಒಬ್ಬರಿಗೂ ಬರಲಿಲ್ಲ.

ಇನ್ನೊಂದು ವಿಷಯ ಉಂಟು.
ಶೇಷಣ್ಣನ ಕ್ಯಾಸೆಟ್ ಡೆಕ್ಕಿನೊಳಗೆ ಟೇಪ್ ತಿರುಗಿಸುವ ಬೆಲ್ಟ್ ಸಡಿಲ. ಕ್ಯಾಸೆಟ್ ನಿಧಾನಕ್ಕೆ ಓಡುತ್ತಿತ್ತು. ಹಾಡುವವನ ದನಿ ದಪ್ಪ, ಡ್ರಮ್ ಭಾರ... ನಮಗೆ ಅದು ಗೊತ್ತೇ ಇರಲಿಲ್ಲ!
ಅದೇ ಡೆಕ್ಕಿನಿಂದ ಎಷ್ಟು ಜನ ಕಾಪಿ ಮಾಡಿಸಿಕೊಂಡರೋ. ಮೂರು ತಾಲ್ಲೂಕಿನಲ್ಲೂ ಆ ಆಲ್ಬಮ್ ನಿಧಾನವಾಗಿಯೇ ಹರಡಿತು.

ಯೂಟ್ಯೂಬ್ ಬಂದ ಮೇಲೆ ನಾನು ಕ್ಯಾಸೆಟ್ ನೋಡಿಕೊಂಡು ಒಂದೊಂದೇ ಅಕ್ಷರ ಟೈಪ್ ಮಾಡಿ ಹುಡುಕಿದೆ. ಸಿಕ್ಕಿತು. ಶೇಷಣ್ಣ ಒಂದು ನಿಮಿಷ ಕೇಳಿ ಫೋನ್ ವಾಪಸ್ ಕೊಟ್ಟ.
"ಎಂತ ಮಾರಾಯ್ತಿ ಇದು? ಯಾರೋ ಡೂಪ್ಲಿಕೇಟ್ ಮಾಡಿದಾರೆ."
"ಅಣ್ಣಾ, ಇದೇ ಒರಿಜಿನಲ್ಲು. ನಿನ್ ಬೆಲ್ಟೇ ಲೂಸು."
ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟ! ಮೂರನೆಯ ದಿನ ಅವನೇ ಬಂದ.
"ಬೆಲ್ಟ್ ಚೇಂಜ್ ಮಾಡಲ್ಲ. ಅವ್ರು ಅವ್ರ ಸ್ಪೀಡಲ್ಲಿ ಹಾಡ್ಕಳ್ಳಿ. ನಮ್ದು ಇಷ್ಟೇ ಸ್ಪೀಡು."

ನೆಟ್ಟಿನಲ್ಲಿ ಮತ್ತೊಂದು ಓದಿದ್ದೆ. ಆ ಆಲ್ಬಮ್ ಬಂದಾಗ ಅವರ ದೇಶದ ಹಿರಿಯರು "ಏನಿದು ಗದ್ದಲ, ನಿಲ್ಲಿಸಿ" ಅಂದಿದ್ದರಂತೆ. ಕೇಳುವವರು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡೇ ಉಳಿಸಿದರಂತೆ. ಈಗ ಅಲ್ಲಿ ಅಜ್ಜ, ಮೊಮ್ಮಗ ಒಟ್ಟಿಗೆ ಹಾಡುತ್ತಾರಂತೆ.

ಶೇಷಣ್ಣಾ... ಕೇಳುತ್ತಿದ್ದೀಯಾ?
ಇವತ್ತು ನಿನ್ನ ಅಂಗಳದಲ್ಲೂ ಅದೇ "ನಿಲ್ಲಿಸಿ" ಶುರುವಾಗಿದೆ.

ಸೋಮವಾರ ನೀನು ಬೈದದ್ದು ಇದಕ್ಕೇ.
"ನಾ ಹೋಗೋ ದಿನ ಆ ಕ್ಯಾಸೆಟ್ ಹಾಕ್ಬೇಕು. ನಮ್ ಡೆಕ್ಕಲ್ಲೇ. ನೆಗಾಡ್ಬೇಡ, ಮರೀತೀಯ ನೀನು, ಬರ್ಕ!"
ನಾನು "ಸುಮ್ನಿರಣ್ಣ" ಎಂದು ಫೋನ್ ಇಟ್ಟೆ. ಬರೆದುಕೊಳ್ಳಲಿಲ್ಲ... ಕ್ಷಮಿಸು.
ಆದರೆ ಮರೆತಿಲ್ಲ ಕಣೋ.

ಮಧ್ಯಾಹ್ನ ನಿನ್ನ ದೊಡ್ಡಣ್ಣನ ಹತ್ತಿರ ಹೇಳಿದೆ. ಸಿಡಿದರು.
"ಹೆಣದ ಮುಂದೆ ಆ ಕಿರುಚಾಟ ಎಂತಕ್ಕೆ? ಊರವ್ರು ಎಂತ ಅಂತಾರೆ? ಭಜನೆ ಸಾಕು."
"ಊರವರ ಮನೆ ಶುಭಕಾರ್ಯ ಎಲ್ಲ ಆ ಕಿರುಚಾಟದಿಂದ್ಲೇ ಶುರುವಾಗಿದ್ದು ದೊಡ್ಡಣ್ಣ. ನಿಮ್ಮ ಮಗಳ ಮದ್ವೆನೂ!"
ಅಲ್ಲೇ ಇದ್ದ ಒಬ್ಬರು ನನಗೆ ಬುದ್ಧಿ ಹೇಳಿದರು... "ಬೇಕಾದ್ರೆ ಮೊಬೈಲಲ್ಲಿ ಒಂದ್ನಿಮಿಷ ಹಾಕಿ ಮೇಡಮ್."
ಮೊಬೈಲಂತೆ! ಆ ಡೂಪ್ಲಿಕೇಟನ್ನು ನಿನಗೆ ಕೇಳಿಸಬೇಕಂತೆ!

ಆಗ ನಿನ್ನ ಹೆಂಡತಿ ಶಾರದಕ್ಕ ಎದ್ದರು. ಒಳಗೆ ಹೋಗಿ ಡೆಕ್ ಹೊತ್ತು ತಂದು ಜಗಲಿಯಲ್ಲಿ ಇಟ್ಟರು. ಸೆರಗಿನಿಂದ ಧೂಳು ಒರೆಸಿದರು.
"ಭಾವಾ, ಈ ಹಾಡು ನಂಗೂ ತಲೆನೋವೇ. ಮದ್ವೆ ಆದಾಗಿಂದ ಕೇಳಿ ಕೇಳಿ ಸಾಕಾಗಿದೆ. ಆದ್ರೆ ನಾಳೆ ಇದನ್ನ ಹಾಕ್ದೆ ಅವ್ರನ್ನ ಎತ್ತಕ್ಕೆ ನಾ ಬಿಡಲ್ಲ."

ನಿನ್ನ ದೊಡ್ಡಣ್ಣ ಡೆಕ್ಕಿನ ವೈರ್ ಎತ್ತಿ ಪ್ಲಗ್ ನೋಡಿದರು.
ಆಮೇಲೆ ಕೇಳಿದರು... "ಎಕ್ಸ್‌ಟೆನ್ಶನ್ ಬೋರ್ಡ್ ಎಲ್ಲಿಟ್ಟಿದಾನೆ ಅವ?"
ನಾನು ಅತ್ತದ್ದು ಆಗಲೇ.

ಗೆಳೆಯರೇ, ನಾಳೆ ಬೆಳಿಗ್ಗೆ ಹತ್ತಕ್ಕೆ ಅಂತಿಮಯಾತ್ರೆ, ಕೋಣಂದೂರಿನ ಮನೆಯಿಂದ.
ಶೇಷಣ್ಣನ ಮೈಕಿನಲ್ಲಿ ಮದುವೆಯಾದವರು, ಭಾಷಣ ಮಾಡಿದವರು, ಬಹುಮಾನ ತಗೊಂಡವರು... ಎಲ್ಲ ಬನ್ನಿ.
ಭಜನೆಯೂ ಇರುತ್ತದೆ. ಆದರೆ ಮೊದಲು ಗಿಟಾರ್.
ಪ್ಲೇ ಬಟನ್ ಒತ್ತುವವಳು ನಾನೇ. ಸ್ಪೀಡು ತಪ್ಪು ಅನ್ನುವವರು ಪೋಲೆಂಡಿಗೆ ಹೋಗಿ ದೂರು ಕೊಡಲಿ!

ಹೋಗಿ ಬಾ ಶೇಷಣ್ಣ...
ನಿನ್ನ ಬೆಲ್ಟನ್ನು ಯಾರೂ ಮುಟ್ಟುವುದಿಲ್ಲ.
ನಿನ್ನ ಆತ್ಮಕ್ಕೆ ಶಾಂತಿ ಸಿಗಲಿ... ಅವಸರವಿಲ್ಲ, ನಿನ್ನ ಸ್ಪೀಡಿನಲ್ಲೇ ಸಿಗಲಿ.