ಸಾವಕಾಶ ನೋಡಿಕೊಳ್ಳುವುದು

ಮರಾಠಿ ಸೀಮೆಯ ಕೋಥರೂಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಮೈಸೂರಿನ ಹುಡುಗಿ ಐಟಿ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ; ನಡುವಿನ ಗೋಡೆ ತೆಳುವಾದ್ದರಿಂದ ಅವಳ ಕಂಪನಿಯ ಗುಟ್ಟುಗಳೆಲ್ಲ ನನಗೆ ಅನಾಯಾಸವಾಗಿ ಪ್ರಾಪ್ತವಾಗುತ್ತವೆ. ಮೊನ್ನೆ ಯಾರಿಗೋ ಫೋನಿನಲ್ಲಿ, "ಕ್ವಿಕ್ಕಾಗಿ ಲುಕ್ ಇನ್‌ಟು ಮಾಡಿ ಹೇಳ್ತೀನಿ" ಎಂದಳು. ಇಂಗ್ಲಿಷ್ ಮಾಸ್ತರ ನಿವೃತ್ತನಾದರೂ ಅವನ ಕಿವಿ ನಿವೃತ್ತವಾಗುವುದಿಲ್ಲ, ನೋಡಿ. ಒಳಹೊಕ್ಕು ನೋಡುವ ಕೆಲಸಕ್ಕೆ ಇಷ್ಟೊಂದು ಅವಸರವನ್ನು ಕಟ್ಟುವುದು ಹೇಗೆಂದು ಯೋಚಿಸುತ್ತಾ ಕೂತೆ, ನನ್ನ ಚಹಾ ಆರಿಹೋಯಿತು.

ಇಂಗ್ಲಿಷಿನ 'ಲುಕ್' ಒಂಟಿಯಾಗಿ ಬಾಳಲಾರದ ಕ್ರಿಯಾಪದ. 'ಅಟ್' ಸೇರಿದರೆ ಬರೀ ನೋಟ, 'ಫಾರ್' ಸೇರಿದರೆ ಹುಡುಕಾಟ, 'ಆಫ್ಟರ್' ಸೇರಿದರೆ ಆರೈಕೆ. ಈ ಜೋಡಿಗಳ ಸಮೀಪ ಕ್ರಿಯಾವಿಶೇಷಣ ಎಲ್ಲಿ ಕೂರಬೇಕೆಂಬುದನ್ನೇ ಬಾರಾಮತಿಯ ಕಾಲೇಜಿನಲ್ಲಿ ಜೀವಮಾನವಿಡೀ ಕಲಿಸಿ ಸಂಬಳ ತಿಂದವನು ನಾನು. 'ಲುಕ್' ಮತ್ತು 'ಅಟ್' ಉದಾರ ದಂಪತಿ; 'ಕೇರ್‌ಫುಲಿ' ಎಂಬ ನಾದಿನಿ ಸ್ಕೂಟರಿನಲ್ಲಿ ನಡುವೆ ಕೂತರೂ ಬೇಸರಿಸುವುದಿಲ್ಲ. 'ಲುಕ್ ಆಫ್ಟರ್' ಮಾತ್ರ ಹೊಸದಾಗಿ ಮದುವೆಯಾದ ಜೋಡಿ. ಕ್ರಿಯಾವಿಶೇಷಣ ಬೇಕಿದ್ದರೆ ವಾಕ್ಯದ ಕೊನೆಗೆ ಹೋಗಿ ನಿಲ್ಲಬೇಕು. ನಮ್ಮ ಕನ್ನಡಕ್ಕೆ ಈ ರಗಳೆಯಿಲ್ಲ, 'ನೋಡು'ವಿಗೆ 'ಕೊಳ್ಳು' ಹಚ್ಚಿದರೆ ಆರೈಕೆ ಸಿದ್ಧ. ಆದರೆ 'ನೋಡ್ಕೋತೀನಿ' ಎಂಬುದು ಮದುವೆ ಮಂಟಪದಲ್ಲಿ ಅಭಯ, ಬೀದಿ ಜಗಳದಲ್ಲಿ ಬೆದರಿಕೆ; ಸಂಸಾರದಲ್ಲಿ ಯಾವುದೆಂಬುದನ್ನು ನನ್ನ ಹೆಂಡತಿಯನ್ನೇ ಕೇಳಬೇಕು.

'ಲುಕ್ ಆಫ್ಟರ್' ಎಂದರೆ ಇವತ್ತಿಗೂ ನನ್ನ ಕಣ್ಣ ಮುಂದೆ ಬರುವುದು ಸ್ವಾರ್‌ಗೇಟ್ ಬಸ್ ನಿಲ್ದಾಣ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಬಾರಾಮತಿಗೆ ಕರೆದೊಯ್ಯುತ್ತಿದ್ದೆ. ಅವಳ ತಂದೆ ವಿಜಯಪುರದ ಕಡೆಯಿಂದ ಬಂದು ರವಿವಾರ ಪೇಠೆಯಲ್ಲಿ ಒಣಮೆಣಸಿನಕಾಯಿ ವ್ಯಾಪಾರಕ್ಕೆ ನಿಂತವರು, ತಾಯಿಯಿಲ್ಲದ ಒಬ್ಬಳೇ ಮಗಳನ್ನು ಬೆಳೆಸಿದವರು. ಅವರ ಬಾಯಲ್ಲಿ ಸದಾ ಒಂದೇ ಮಾತು, 'ಸಾವಕಾಶ'. ಹಮಾಲ ಚೀಲ ಇಳಿಸುವಾಗಲೂ ಸಾವಕಾಶ, ಮಗಳು ಮೆಟ್ಟಿಲಿಳಿಯುವಾಗಲೂ ಸಾವಕಾಶ, ಗಿರಾಕಿ ಬಿಸಿ ಚಹಾಕ್ಕೆ ತುಟಿ ಹಚ್ಚುವಾಗಲೂ ಸಾವಕಾಶ. ಕನ್ನಡಕ್ಕೂ ಮರಾಠಿಗೂ ಸಲ್ಲುವ ಆ ಶಬ್ದದಲ್ಲಿ ನಿಧಾನವೂ ಇದೆ, ಜೋಪಾನವೂ ಇದೆ. ಪಾಪ, ಇಂಗ್ಲಿಷಿನ 'ಸ್ಲೋಲಿ'ಯಲ್ಲಿ ಇರುವುದು ಬರೀ ನಿಧಾನ.

ಬಸ್ಸು ಹೊರಡುವ ಹೊತ್ತಿಗೆ ಅವರು ಕಿಟಕಿಯ ಸರಳು ಹಿಡಿದು, ಮಗಳ ಮುಖ ನೋಡದೆ ನನ್ನನ್ನೇ ದಿಟ್ಟಿಸುತ್ತಾ, ಅದುವರೆಗೆ ನನ್ನೊಡನೆ ಎಂದೂ ಆಡದ ಇಂಗ್ಲಿಷಿನಲ್ಲಿ ಹೇಳಿದರು: "ಅಳಿಯಂದ್ರ, ಲುಕ್ ಸ್ಲೋಲಿ ಆಫ್ಟರ್ ಮೈ ಡಾಟರ್."

ನಾನು ಕಲಿಸುತ್ತಿದ್ದ ನಿಯಮ ಮುರಿದು ಬಿದ್ದಿತ್ತು. ಕ್ರಿಯಾವಿಶೇಷಣ ಎಲ್ಲಿ ಕೂರಬಾರದೋ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿತ್ತು. ನನಗೆ ನಗು ಬಂತು. ಇಂಗ್ಲಿಷ್ ಮಾಸ್ತರನಿಗೆ ಮರ್ಯಾದೆ ಕೊಡಲು ಇಂಗ್ಲಿಷ್ ಆಡಿದರೆಂದು ಒಳಗೊಳಗೇ ಹೆಮ್ಮೆಯೂ ಆಯಿತು. ಕಂಡಕ್ಟರ್ ಗಂಟೆ ಹೊಡೆದ, ಮಾತು ಅಲ್ಲಿಗೇ ನಿಂತಿತು.

ಮೊದಲ ದೀಪಾವಳಿಗೆ ಮಾವ ಅಳಿಯನ ಉಪಚಾರಕ್ಕೆಂದು ಕರೆಸಿಕೊಂಡಿದ್ದರು. ಮಧ್ಯಾಹ್ನ ಅಂಗಡಿಯಲ್ಲಿ ಅವರ ಜೊತೆ ಕೂತಿದ್ದಾಗ ಕುತೂಹಲ ತಡೆಯಲಾಗದೆ ಕೇಳಿದೆ: "ಮಾವಾರ, ಅವತ್ತು ಬಸ್ ಸ್ಟ್ಯಾಂಡಿನ್ಯಾಗ ಯಾಕ ಇಂಗ್ಲಿಷ್ ಮಾತಾಡಿದ್ರಿ?"

ಅವರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಮರಾಠ್ಯಾಗ ಅಂದಿದ್ರ ಬಸ್ಸಿನ ಮಂದಿಗೆಲ್ಲಾ ತಿಳೀತಿತ್ತು. ಕನ್ನಡದಾಗ ಅನ್ನಾಕ ಹೋಗಿದ್ರ ನಡುವ ಅಳು ಬರ್ತಿತ್ತು. ಇಂಗ್ಲಿಷ್‌ನ್ಯಾಗ ನನಗ ಅಳಾಕ ಬರೂದಿಲ್ರಿ." ಇನ್ನೊಂದು ತೊಟ್ಟು ಮುರಿದು, "ಯಾಕ್ರಿ, ತಪ್ಪಾಗಿತ್ತೇನು?" ಎಂದರು.

"ಇಲ್ರಿ ಮಾವಾರ, ಭಾಳ ಸರಿ ಇತ್ತು" ಎಂದೆ. ಕನ್ನಡದಲ್ಲಿ ಹೇಳಿದೆ ನೋಡಿ, ಅಷ್ಟು ಹೇಳುವಷ್ಟರಲ್ಲೇ ಮೆಣಸಿನಕಾಯಿಯ ಘಾಟೆಂದು ನೆಪ ಮಾಡಿ ಕಣ್ಣು ಒರೆಸಿಕೊಂಡೆ.