ಕಲ್ಲಿದ್ದಲು ಹಾಕುತ್ತಿದ್ದ ಅಪ್ಪನ ಬಾಸ್

ನಿನ್ನೆ ಕಲೋನ್‌ನಲ್ಲಿ ಪಕ್ಕದ ಮನೆಯವರು ಗ್ರಿಲ್‌ಗೆ ಇದ್ದಿಲು ಹೊತ್ತಿಸಿದರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಆರು ವರ್ಷದವಳಾದೆ.

ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಅಪ್ಪ ಧಾರವಾಡದಿಂದ ಇಲ್ಲಿಗೆ ಬಂದಿದ್ದ ಕಾಲವದು. ಕಂಪನಿಯಲ್ಲಿ ಜನರನ್ನು ತೆಗೆಯುತ್ತಾರಂತೆ ಎಂದು ಅವರು ಅವ್ವನಿಗೆ ಪಿಸುಗುಡುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು. ಆ ಭಾನುವಾರ ಹಳೆಯ ಉಗಿಬಂಡಿಯಲ್ಲಿ ಕೂರಲು ಹೋದೆವು. ಎಂಜಿನ್‌ನಲ್ಲಿ ಮೈಯೆಲ್ಲ ಮಸಿ ಮಾಡಿಕೊಂಡು ಕಲ್ಲಿದ್ದಲು ಹಾಕುತ್ತಿದ್ದವರು ಅಪ್ಪನ ಬಾಸ್!

“ಅಪ್ಪಾ, ಇವರ ಕೆಲಸಾನೂ ಹೋತೇನು?” ಎಂದು ಅಳತೊಡಗಿದೆ.

“ಇಲ್ಲವ್ವಾ, ಈ ರೈಲು ನಡಸೋರೆಲ್ಲಾ ಖುಷಿಗಂತ ಬರ್ತಾರ. ಯಾರಿಗೂ ಪಗಾರಿಲ್ಲ,” ಎಂದರು ಅಪ್ಪ.

ಪಗಾರವಿಲ್ಲದೆ ಯಾರಾದರೂ ಖುಷಿಯಾಗಿರುತ್ತಾರೆಯೇ? ಹಾಗಾದರೆ ಮನೆಯಲ್ಲಿ ಅಪ್ಪ ಹೆದರಿದ್ದೇಕೆ? ನನಗೆ ಒಂದೂ ತಿಳಿಯಲಿಲ್ಲ. ಬಾಸ್ ನಗುತ್ತಾ ನನ್ನನ್ನು ಎಂಜಿನ್‌ಗೆ ಎತ್ತಿಕೊಂಡು ಸೀಟಿ ಹೊಡೆಸಿದರು. ಅಪ್ಪ ಕೆಳಗೆ ನಿಂತು ಚಪ್ಪಾಳೆ ತಟ್ಟಿದರು.

ಮುಂದಿನ ತಿಂಗಳು ಅಪ್ಪನ ಕೆಲಸ ಹೋಯಿತು. ಆ ಪತ್ರಕ್ಕೆ ಸಹಿ ಹಾಕಿದ್ದವರು ಅದೇ ಬಾಸ್.

ನಿನ್ನೆ ಅಪ್ಪನಿಗೆ ಫೋನ್ ಮಾಡಿ ಕೇಳಿದೆ, “ಅವರ ಮ್ಯಾಲೆ ಸಿಟ್ಟು ಬರಲಿಲ್ಲೇನು?”



“ನಿನ್ನ ಎತ್ತಿಕೊಂಡಾಗ ನನ್ನ ಕೆಲಸ ಹೋಗೋದು ಅವರಿಗೆ ಗೊತ್ತಿತ್ತೋ ಇಲ್ಲೋ, ಅದs ಇನ್ನೂ ತಿಳೀವಲ್ದು ನೋಡು,” ಎಂದರು ಅಪ್ಪ.